ಎರಡನೇ ತೊಟ್ಟಿ ಖಾಲಿ ಇದೆ

ಮೇಲಿನ ಊರಿಗೂ ಕೆಳಗಿನ ಊರಿಗೂ ನಡುವೆ ಒಂದು ಹೊಳೆ, ಒಂದು ಸೇತುವೆ, ಒಂದು ಜಂಟಿ ಸಮಿತಿ. ಹೊಳೆಗೆ ದಡವಿತ್ತು, ಸೇತುವೆಗೆ ಕೊನೆಯಿತ್ತು. ಸಮಿತಿಗೆ ಮಾತ್ರ ಮಿತಿಯಿರಲಿಲ್ಲ. ಒಂಬತ್ತು ವರ್ಷದಿಂದ ಅದು ಅಗಿಯುತ್ತಿದ್ದುದು ಒಂದೇ ವಿಷಯ: ಎರಡೂ ಊರಿನ ಕೊಳಚೆಗೆ ಸೇರಿ ಒಂದು ಹೊಸ ಶುದ್ಧೀಕರಣ ಘಟಕ ಕಟ್ಟುವುದೋ, ಅವರವರದನ್ನು ಅವರವರೇ ನೋಡಿಕೊಳ್ಳುವುದೋ. ತಮ್ಮದನ್ನು ತಮ್ಮದು ಅನ್ನಲು ಎರಡೂ ಊರಿಗೆ ನಾಚಿಕೆ. ಮಲತಾಯಿ ಧೋರಣೆ ಎಂಬ ಮಾತು ಇಷ್ಟು ಅಕ್ಷರಶಃ ಇನ್ನೆಲ್ಲೂ ನಿಜವಾಗಿರಲಿಕ್ಕಿಲ್ಲ.

ಕೆಳಗಿನ ಊರಿನ ಹಳೇ ಘಟಕದ ಎಂಜಿನಿಯರಮ್ಮನಿಗೆ ಎರಡರಲ್ಲಿ ಯಾವುದಾದರೂ ಆದೀತು, ಒಂದು ಅಂತ ಆದರೆ ಸಾಕಿತ್ತು. ಅವಳ ಘಟಕದಲ್ಲಿದ್ದದ್ದು ಎರಡು ದೊಡ್ಡ ತೊಟ್ಟಿ. ಎರಡನೆಯದಕ್ಕೆ ಗಾಳಿ ಊದುವ ಯಂತ್ರ ಸುಟ್ಟು ಎರಡು ವರ್ಷವಾಗಿ, ತೊಟ್ಟಿ ಬರಿದಾಗಿತ್ತು. ಇಡೀ ಊರಿನ ಭಾರ ಹೊತ್ತ ಒಂದನೆಯದರ ಯಂತ್ರವೂ ಗೂರಲು ಬಂದವರ ಹಾಗೆ ಏದುಸಿರು ಬಿಡುತ್ತಿತ್ತು. ರಿಪೇರಿ ಕೇಳಿದರೆ ಕಚೇರಿಯವರು, "ಹೇಗೂ ಹೊಸದು ಬರುತ್ತಲ್ಲಮ್ಮಾ" ಅನ್ನುತ್ತಿದ್ದರು. ಹೊಸದು ಯಾವಾಗ ಅಂದರೆ, "ಹೇಗೂ ಹಳೇದು ನಡೀತಿದೆಯಲ್ಲಮ್ಮಾ."

ಇವತ್ತು ಸಮಿತಿ ಖುದ್ದಾಗಿ ಘಟಕ ನೋಡಲು ಬರುವುದಿತ್ತು. ಹಿಂದಿನ ದಿನವೇ ಅವಳು ಮೇಸ್ತ್ರಿಗೆ ಕಿವಿಮಾತು ಹೇಳಿದ್ದಳು. "ನಾಳೆ ಏನೂ ತೊಳೀಬೇಡಿ. ಬ್ಲೀಚಿಂಗ್ ಪೌಡರ್ ಹಾಕ್ಬೇಡಿ. ಇದ್ದದ್ದು ಇದ್ದ ಹಾಗೆ ನೋಡ್ಲಿ, ಮೂಸ್ಲಿ."

ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಗಂಡ ಕೇಳಿದ, "ಇವತ್ತಾದ್ರೂ ಮುಗಿಯುತ್ತೇನೇ, ನಿಮ್ಮ ಎರಡೂರಿನ ಜಗಳ?"

"ಅದಕ್ಕಿಂತ ಮೊದಲು ನಾನೇ ಮುಗೀತೀನಿ ಕಣ್ರೀ."

ಹತ್ತು ಗಂಟೆಗೆ ಘಟಕದ ಗೇಟು ದಾಟಿದಾಗ ಮೂಗಿಗೆ ಏನೂ ಬಡಿಯಲಿಲ್ಲ. ಅವಳು ಹೆಜ್ಜೆ ಚುರುಕು ಮಾಡಿದಳು.

ಕಾಲುದಾರಿ ಫಳಫಳ ಹೊಳೆಯುತ್ತಿತ್ತು. ಕಸ ಹಿಡಿಯುವ ಕಬ್ಬಿಣದ ಜರಡಿಯ ಮುಂದೆ ಒಂದು ಕಡ್ಡಿಯೂ ಇರಲಿಲ್ಲ. ಬರಿದಾದ ಎರಡನೇ ತೊಟ್ಟಿಯಂತೂ ಮಕ್ಕಳನ್ನು ಈಜಿಗೆ ಇಳಿಸುವಷ್ಟು ಚೊಕ್ಕಟ. ಮೇಸ್ತ್ರಿ ಪೈಪು ಸುತ್ತಿಡುತ್ತಾ ನಿಂತಿದ್ದ.

"ಏನ್ರೀ ಮೇಸ್ತ್ರಿ ಇದು?"

"ಬಯ್ಬೇಡಿ ಮೇಡಂ. ಮನೆಗೆ ನಾಲ್ಕು ಜನ ಬರ್ತಾರೆ ಅಂದ್ರೆ ಬಚ್ಚಲು ತೊಳೀದೆ ಇರೋಕಾಗುತ್ತಾ? ಮನಸ್ಸು ಕೇಳ್ಲಿಲ್ಲ."

"ಒಳಗೆ ಬರೋ ನೀರು ಎಲ್ಲಿ?"

ಅವನು ಹೊಳೆಯ ಕಡೆ ಗದ್ದ ತೋರಿಸಿದ. ಆರು ಗಂಟೆಯಿಂದ ಊರಿನ ಕೊಳಚೆಯೆಲ್ಲ ಬೈಪಾಸ್ ಕಾಲುವೆಯಲ್ಲಿ ನೇರ ಹೊಳೆಗೆ ಹೋಗುತ್ತಿತ್ತು. ದೊಡ್ಡವರು ಬಂದಾಗಲೆಲ್ಲ ಇಲ್ಲಿ ನಡೆದುಕೊಂಡು ಬಂದ ಕ್ರಮವೇ ಅದು. ಮೇಸ್ತ್ರಿಯ ಸಂಸ್ಕಾರ ಸಂಸ್ಕರಣೆಯನ್ನೇ ನುಂಗಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಕಾರುಗಳು ಬಂದವು.

ಸಮಿತಿಯ ಏಳು ಜನವೂ ಮೂಗಿಗೆಂದು ತಂದ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟರು. ಮೇಲಿನ ಊರಿನ ಆಯುಕ್ತರು ಎರಡನೇ ತೊಟ್ಟಿಯ ಅಂಚಿಗೆ ಬಂದು, ಮನೆ ಬಾಡಿಗೆಗೆ ನೋಡಲು ಬಂದವರ ಹಾಗೆ ಮೂಲೆ ಮೂಲೆಗೆ ಕಣ್ಣು ಹಾಯಿಸಿದರು.

"ಇದು ಪೂರ್ತಿ ಖಾಲಿನಾ?"

"ಖಾಲಿ ಅಲ್ಲ ಸಾರ್, ಕೆಟ್ಟಿದೆ. ಇದರ ಯಂತ್ರ ಸುಟ್ಟಿದೆ."

"ಯಂತ್ರ ಬಿಡಮ್ಮ, ಯಾವತ್ತಾದ್ರೂ ಹಾಕ್ಸಬಹುದು. ಜಾಗ ಇದೆಯಲ್ಲ!" ಅವರು ಉಳಿದವರ ಕಡೆ ತಿರುಗಿದರು. "ಒಂಬತ್ತು ವರ್ಷ ತಲೆ ಕೆಡಿಸ್ಕೊಂಡ್ವಲ್ರೀ! ಜಂಟಿನೂ ಬೇಡ, ಬೇರೆ ಬೇರೆನೂ ಬೇಡ. ಸೇತುವೆ ಮೇಲೆ ಒಂದು ಪೈಪ್ ಹಾಕಿ ನಮ್ದನ್ನೂ ಇಲ್ಲಿಗೇ ಬಿಟ್ರಾಯ್ತು."

ಕೆಳಗಿನ ಊರಿನ ಆಯುಕ್ತರು, ಅಂದರೆ ಅವಳ ಮೇಲಧಿಕಾರಿ, ತಲೆದೂಗಿದರು. ಸಮಿತಿಯ ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ. ಒಂಬತ್ತು ವರ್ಷದಲ್ಲಿ ಆ ಪೆನ್ನು ತೀರ್ಮಾನ ಎಂಬ ಶಬ್ದದ ಹತ್ತಿರ ಬಂದದ್ದು ಅದೇ ಮೊದಲು.

ಒಂದೂರಿನದನ್ನೇ ತಾಳಲಾರದ ಘಟಕಕ್ಕೆ ಎರಡೂರಿನದು ಬಿದ್ದರೆ ಒಂದನೇ ತೊಟ್ಟಿಯೂ ವಾರದೊಳಗೆ ಕೆಟ್ಟು ಕೂರುತ್ತದೆ. ಆಮೇಲೆ ಎಲ್ಲವೂ ಹೊಳೆಗೇ. ಇದನ್ನು ಕಾಗದದಲ್ಲಿ ಬರೆದಿದ್ದಳು, ನಕ್ಷೆಯಲ್ಲಿ ತೋರಿಸಿದ್ದಳು, ಹದಿನೇಳು ಸಭೆಯಲ್ಲಿ ಹೇಳಿದ್ದಳು.

ಅವಳು ಸೀದಾ ಜರಡಿಯ ಪಕ್ಕದಲ್ಲಿದ್ದ, ನೀರಿನ ಬಾಗಿಲು ಎತ್ತಿಳಿಸುವ ಚಕ್ರಗಳ ಹತ್ತಿರ ಹೋದಳು. ಮೊದಲು ಘಟಕದ ಕಡೆಯ ಬಾಗಿಲು ತೆರೆದು, ಆಮೇಲೆ ಬೈಪಾಸಿನದನ್ನು ಮುಚ್ಚಿದಳು. ಮೇಸ್ತ್ರಿ, "ಮೇಡಂ, ಬೇಡ ಮೇಡಂ, ಅವರು ಇಲ್ಲೇ ನಿಂತಿದಾರೆ!" ಎಂದು ಓಡಿ ಬಂದ.

"ಅದಕ್ಕೇ."

ಒಂದು ಊರಿನ ಇಡೀ ಬೆಳಗು ಮೊರೆಯುತ್ತಾ ಒಳಗೆ ನುಗ್ಗಿತು. ಜರಡಿ ತುಂಬಿ, ಅಂಚು ಮೀರಿ, ಆಗತಾನೇ ತೊಳೆದ ಕಾಲುದಾರಿಯ ಮೇಲೆ ಹರಿದು, ಪಾಲಿಶ್ ಮಾಡಿದ ಏಳು ಜೊತೆ ಬೂಟುಗಳನ್ನು ವಿಚಾರಿಸಿಕೊಂಡಿತು. ಕರವಸ್ತ್ರಗಳು ಮತ್ತೆ ಹೊರಬಂದವು.

"ಏನಮ್ಮಾ ಇದು!"

"ಇದು ಒಂದೂರಿಂದು ಸಾರ್," ಅವಳು ಏರುದನಿಯಿಲ್ಲದೆ ಅಂದಳು. "ನಿಮ್ದನ್ನೂ ಕಳಿಸ್ತೀರಾ?"

ಮೇಲಿನ ಊರಿನ ಆಯುಕ್ತರು ಕಾರಿನ ಕಿಟಕಿ ಏರಿಸುತ್ತಲೇ ಗುಮಾಸ್ತನಿಗೆ ಹೇಳಿದರು: "ಆ ಪೈಪಿನ ವಿಚಾರ ಹೊಡೆದು ಹಾಕಿ. ಉಳಿದ ಎರಡು ಮುಂದಿನ ಸಭೆಗೆ."

ಅವಳ ಆಯುಕ್ತರು ಮಾತ್ರ ಹಿಂದೆ ಉಳಿದರು. "ಬೈಪಾಸ್ ತೆಗೆದೋರು ಯಾರು? ಹೊಳೆಗೆ ಬಿಟ್ಟಿದ್ದೀರಿ. ನಾಳೆಯೊಳಗೆ ಬರಹದಲ್ಲಿ ಬೇಕು."

ಮೇಸ್ತ್ರಿ ಒಂದು ಹೆಜ್ಜೆ ಮುಂದಿಟ್ಟ. ಅವಳು ಕೈ ಅಡ್ಡ ಹಿಡಿದಳು. "ನಾನು ಸಾರ್."

ಕಾರುಗಳು ಹೋದ ಮೇಲೆ ಅವಳು ಕೋಣೆಗೆ ಬಂದು ದಿನಚರಿ ಪುಸ್ತಕ ತೆರೆದಳು. ಮೇಸ್ತ್ರಿ ಹೊಸ್ತಿಲಲ್ಲೇ ನಿಂತ.

"ನನ್ನ ಹೆಸರು ಬರೀರಿ ಮೇಡಂ. ನೀವು ಬೇಡ ಅಂದಿದ್ರಿ. ಮಾಡಿದ್ದು ನಾನು."

"ದೊಡ್ಡೋರು ಬಂದಾಗೆಲ್ಲ ನಿಮ್ಮಿಂದ ತೊಳೆಸ್ದೋಳು ಯಾರು? ಇಪ್ಪತ್ತು ವರ್ಷ ಕಲಿಸಿ, ನಿನ್ನೆ ಸಾಯಂಕಾಲ ಬಿಟ್ಬಿಡಿ ಅಂದ್ರೆ ಕೈ ಕೇಳುತ್ತೇನ್ರೀ?"

ಅವನು ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ.

"ಹೋಗಿ, ಜರಡಿ ಕಟ್ಕೊಂಡಿರುತ್ತೆ."

ಅವಳು ಬರೆದಳು: ಬೈಪಾಸ್, ಬೆಳಿಗ್ಗೆ ಆರರಿಂದ ಹತ್ತೂ ನಲವತ್ತು. ಕಾರಣ ಎಂಬ ಖಾನೆಯಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಆಮೇಲೆ 'ಅಭ್ಯಾಸ' ಎಂದು ಬರೆದು ಸಹಿ ಹಾಕಿದಳು.