ಬ್ಯಾರನ್ನಿನ ಮೊದಲ ಬೆಂಕಿ

ಕಟ್ಟೆಮಳಲವಾಡಿ ಊರಿನ ಸೊಸೆ ರಾಣಿ ಹೋದ ವರ್ಷ ಹೊಗೆಸೊಪ್ಪನ್ನು ಕಾವಿನಲ್ಲಿ ಬೇಯಿಸಿ ಹದಮಾಡುವ ಬ್ಯಾರನ್ ಮನೆಯ ಒಲೆಗೆ ಸೌದೆ ತುರುಕಿ, ಹೋಗಿ ಸೀರಿಯಲ್ ಮುಂದೆ ಕೂತವಳು ಮೈಮರೆತಿದ್ದಳು. ಬಂಗಾರದ ಬಣ್ಣಕ್ಕೆ ಬರಬೇಕಿದ್ದ ಸೊಪ್ಪೆಲ್ಲ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಅಂದಿನಿಂದ ಅವಳು ಆ ಒಲೆಯ ಹತ್ತಿರ ಸುಳಿದಿರಲಿಲ್ಲ.

ಇವತ್ತು ಈ ವರ್ಷದ ಮೊದಲ ಸೊಪ್ಪು ಬ್ಯಾರನ್ ಏರಿತ್ತು. ಸಂಜೆ ಪೂಜೆ ಮುಗಿದ ಮೇಲೆ ಒಲೆ ಹಚ್ಚಬೇಕಾದವಳು ಮನೆಯ ಸೊಸೆ. ಅತ್ತೆ ಚಿಕ್ಕಬೀರಮ್ಮ ಬೆಂಕಿಪೊಟ್ಟಣ ನೀಡಿದರೆ ರಾಣಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನೀವೇ ಹಚ್ಚಿ ಅತ್ತೆ. ನನ್ ಕೈ ಸರಿ ಇಲ್ಲ. ವೋದ್ ವರ್ಸ ಅಷ್ಟೊಂದು ಸೊಪ್ಪು..."

"ಆ ಸೊಪ್ಪು ಒಂದೇ ದಿನಕ್ಕೆ ಸುಟ್ಟೋಯ್ತು ಕಣಮ್ಮಿ. ನೀನು ವರ್ಸದಿಂದ ಬೇಯ್ತಾನೇ ಇದ್ದೀಯ. ಇನ್ನೆಂಥಾ ಬಣ್ಣ ಬರ್ಬೇಕು ನಿಂಗೆ?"

ರಾಣಿಗೆ ನಗು ತಡೆಯಲಾಗಲಿಲ್ಲ. "ಈ ಸಲಾನೂ ಕಪ್ಪಾದ್ರೆ?"

"ಆದಾಗ ನೋಡ್ಕಳಾಣ ಬುಡು. ಈ ಸೊಪ್ಪು ಇವತ್ತು ಬೆಳಗ್ಗೆ ಕಿತ್ತಿರದು. ಅದುಕ್ಕೆ ನಿನ್ ಹಳೇ ಕತೆ ಏನ್ ಗೊತ್ತು?"

ರಾಣಿ ಕಡ್ಡಿ ಗೀರಿದಳು. ಒಲೆಯ ಬಾಯಲ್ಲಿ ಒಣ ತೆಂಗಿನಗರಿ ಹೊತ್ತಿಕೊಂಡಿತೋ ಇಲ್ಲವೋ, ಓಡಿಹೋಗಿ ಬ್ಯಾರನ್ನಿನ ಕಿಟಕಿಯಲ್ಲಿ ಥರ್ಮಾಮೀಟರ್ ನೋಡಿ ಬಂದಳು. ಮತ್ತೆ ಓಡಿದಳು.

"ಅಯ್ಯೋ, ಬೆಂಕಿ ಇನ್ನೂ ಕಣ್ಣೇ ಬುಟ್ಟಿಲ್ಲ ಕಣಮ್ಮಿ!" ಎಂದು ಚಿಕ್ಕಬೀರಮ್ಮ ಸೊಂಟ ಹಿಡಿದು ಎದ್ದು ಮನೆಯ ಕಡೆ ಹೊರಟರು. "ನೀನು ಒಲೆ ನೋಡ್ಕೊ. ನಿನ್ ಸೀರಿಯಲ್ ನಾನ್ ನೋಡಿ ಬಂದು ಕತೆ ಯೋಳ್ತೀನಿ."