ನಾಲ್ಕನೆಯ ಕಾರಣ

ಕುರ್ಚಿ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು.

"ಸ್ವಲ್ಪ ಎತ್ತಿ ಸರ್, ಕಾಲು ಗೋಡೆಗೆ ತಾಗ್ತಿದೆ," ಎಂದಳು ಕೆಳಗಿನಿಂದ ಹಿಡಿದಿದ್ದ ವಕೀಲೆ.

"ಎತ್ತೋಕೆ ನಾನೇನು ಪೈಲ್ವಾನನಾ? ಮೂವತ್ತು ವರ್ಷ ಬೆರಳಲ್ಲಿ ಬದುಕಿದವನು," ಎಂದ ಮೇಲಿನಿಂದ ಮುದಿ ಟೈಪಿಸ್ಟು. "ಇದನ್ನ ಮೇಲಕ್ಕೆ ಹತ್ತಿಸಿದ ಪುಣ್ಯಾತ್ಮರನ್ನೇ ಕರೀಬೇಕು."

ಹತ್ತಿಸಿದವರು ಕೆಳಗೆ, ಮುಂದಿನ ಕೋಣೆಯಲ್ಲಿ, ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಅಂದ ಮೇಲೆ ಅದು ಟೈಪಿಸ್ಟನಿಗೆ ನೆನಪಾಯಿತು. ಅವನು ಮುಖ ಪಕ್ಕಕ್ಕೆ ತಿರುಗಿಸಿ ಕುರ್ಚಿಯನ್ನು ಒಂದೇ ಸಲಕ್ಕೆ ಎತ್ತಿಬಿಟ್ಟ.

ಬಂದವರಿಗೆ ಕೂರಲು ಮನೆಯಲ್ಲಿ ಕುರ್ಚಿಗಳು ಸಾಲದೆ ಇದನ್ನೂ ಇಳಿಸಬೇಕಾಗಿತ್ತು. ಎತ್ತರದ ಬೆನ್ನಿನ, ತೋಳುಗಳ ಬಣ್ಣ ಸವೆದ ಕುರ್ಚಿ. ಹಳೆಯ ಕೋರ್ಟು ಕಟ್ಟಡ ಕೆಡವಿದಾಗ ಮೇಷ್ಟ್ರು ಹರಾಜಿನಲ್ಲಿ ತಂದದ್ದು. ಅವರು ವಕೀಲರೇ ಆಗಿದ್ದರೂ ಊರಿಗೆಲ್ಲ ಮೇಷ್ಟ್ರು. ಕೆಳಗಿನ ಕೋರ್ಟಿನಲ್ಲಿ ಸೋತ ಮೊಕದ್ದಮೆಗೆ ಮೇಲ್ಮನವಿ ಬರೆಯುವುದು ಹೇಗೆ, ಮೇಲಿನ ಪೀಠದ ಮುಂದೆ ನಿಂತು ವಾದಿಸುವುದು ಹೇಗೆ ಎಂದು ಇಪ್ಪತ್ತೆಂಟು ವರ್ಷ ಆ ಮಹಡಿಯ ಕೋಣೆಯಲ್ಲಿ ಕಿರಿಯ ವಕೀಲರಿಗೆ ಕಲಿಸಿದವರು.

ಕುರ್ಚಿಯನ್ನು ಹಿತ್ತಿಲ ಬಾಗಿಲ ಪಕ್ಕ ಇಟ್ಟರು. ಟೈಪಿಸ್ಟು ಜೇಬಿನಿಂದ ಅಡುಗೆಮನೆಯ ಸಣ್ಣ ಟೈಮರನ್ನು ತೆಗೆದು ಅದರ ಮೇಲಿಟ್ಟ.

"ಇದನ್ನೂ ತಂದೆ. ಇದಿಲ್ದೆ ಆ ಕುರ್ಚಿ ನೋಡೋಕೇ ಆಗಲ್ಲ."

ವಕೀಲೆ ಗಡಿಯಾರ ನೋಡಿದಳು. ಹನ್ನೊಂದೂಕಾಲು. ಹತ್ತೂವರೆಗೆ ಅವಳ ಕಕ್ಷಿದಾರ, ಲಿಫ್ಟು ನಡೆಸುವವನ ಮೇಲ್ಮನವಿಯ ತೀರ್ಪು ಹೇಳಿರುತ್ತಾರೆ. ಏಳು ವರ್ಷ ಜೈಲೋ, ಬಿಡುಗಡೆಯೋ. ಅವಳು ಕೋರ್ಟಿಗೆ ಹೋಗಿರಲಿಲ್ಲ. ಮೇಷ್ಟ್ರು ನೆನ್ನೆ ಸಂಜೆ ತೀರಿಕೊಂಡರು ಎಂಬುದು ಹೋಗದಿರಲು ಒಳ್ಳೆಯ ಕಾರಣವಾಗಿತ್ತು. ಅದೊಂದೇ ಕಾರಣವಾಗಿರಲಿಲ್ಲ.

*

"ಉಸಿರು ಎಲ್ಲಿ ನಿಂತಿತು?" ಎಂದು ಕೇಳುತ್ತಿದ್ದರು ಮೇಷ್ಟ್ರು.

ಬರೆದ ಕರಡನ್ನು ಮೊದಲು ಗಟ್ಟಿಯಾಗಿ ಓದಬೇಕು. ಅವರು ಆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳುವರು. ಅವರ ತಾಯಿ ಬೆಳಗಿನ ಹೊತ್ತು ಪದ್ಯ ಹಾಡಿಕೊಂಡು ಮನೆಗೆಲಸ ಮಾಡುತ್ತಿದ್ದರಂತೆ. ಅಕ್ಷರ ಬಾರದ ಆಕೆ ಒಂದು ಸಾಲನ್ನೂ ಉಸಿರು ಕಡಿದು ಹೇಳಿದವರಲ್ಲ. "ನನಗೆ ಕಾನೂನು ಕಲಿಸಿದ್ದು ಕಾಲೇಜು, ವಾಕ್ಯ ಕಲಿಸಿದ್ದು ನಮ್ಮಮ್ಮ. ಒಂದು ಉಸಿರಿಗೆ ಒಂದು ವಾಕ್ಯ. ಎರಡನೇ ಉಸಿರು ಬೇಕಾಯ್ತು ಅಂದ್ರೆ ನಿನಗೇ ಅರ್ಥವಾಗಿಲ್ಲ ಅಂತ."

ಆಮೇಲೆ ವಾದ. ಕುರ್ಚಿಯಿಂದ ಮೂರು ಹೆಜ್ಜೆ ದೂರ ನಿಲ್ಲಬೇಕು, ಎರಡೂ ಕೈ ಇಳಿಬಿಟ್ಟಿರಬೇಕು. ಎಷ್ಟೋ ಜನ ನಿಂತು ನಿಂತು ಅಲ್ಲಿ ನೆಲದ ಬಣ್ಣ ಹೋಗಿತ್ತು. ಮೇಷ್ಟ್ರು ಟೈಮರಿನ ಕಿವಿ ತಿರುಗಿಸಿ "ಹೇಳಿ" ಎನ್ನುವರು. ಮೊದಲ ವಾಕ್ಯದಲ್ಲೇ ಏನು ಬೇಕು ಎಂದು ಕೇಳಿಬಿಡಬೇಕು. ಗಂಟೆ ಹೊಡೆದರೆ ಬಾಯಲ್ಲಿದ್ದ ಮಾತನ್ನು ಅಲ್ಲೇ ನುಂಗಬೇಕು.

ವಕೀಲೆ ಇಲ್ಲಿಗೆ ಬಂದ ಹೊಸತರಲ್ಲಿ ಪ್ರತಿ ತಿದ್ದುಪಡಿಗೂ "ಆದ್ರೆ ಸರ್" ಎನ್ನುತ್ತಿದ್ದಳು. ಮೂರನೆಯ ದಿನಕ್ಕೆ ಮೇಷ್ಟ್ರು ಅವಳಿಗೆ ಆದ್ರಮ್ಮ ಎಂದು ಹೆಸರಿಟ್ಟರು. ಅವಳಿಗಿಂತ ಹತ್ತು ವರ್ಷ ಹಿರಿಯ ಶಿಷ್ಯನೊಬ್ಬನಿಗೆ ಗಂಟಲು ಎಂದಿಟ್ಟಿದ್ದರು. ಅವನು ವಾದಕ್ಕೆ ನಿಂತರೆ ಪಕ್ಕದ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವಂತೆ. ಈಗ ಅವನು ಸರ್ಕಾರಿ ವಕೀಲ.

*

ಗಂಟಲು ಬಂದಾಗ ಹನ್ನೆರಡಾಗಿತ್ತು. ಕೋರ್ಟಿನಿಂದ ನೇರ ಬಂದಿದ್ದ. ಕಪ್ಪು ಗೌನು ಇನ್ನೂ ತೋಳಿನ ಮೇಲಿತ್ತು. ಮಲಗಿದ್ದವರ ಪಕ್ಕ ಸ್ವಲ್ಪ ಹೊತ್ತು ನಿಂತ. ಆ ದೊಡ್ಡ ದನಿಯ ಮನುಷ್ಯ ಅಳುವಾಗ ಸದ್ದೇ ಮಾಡಲಿಲ್ಲ. ಆಮೇಲೆ ಹಿತ್ತಿಲ ಕಡೆ ಬಂದು ವಕೀಲೆಯ ಪಕ್ಕ ಗೋಡೆಗೆ ಒರಗಿದ.

"ವಜಾ ಆಯ್ತು," ಎಂದ.

ಅವಳು ತಲೆಯಾಡಿಸಿದಳು.

"ಏಳು ವರ್ಷಾನೂ ಕಾಯಂ. ನೋಟಿಸಿನ ವಿಷಯ ಒಂದೇ ಸಾಲಲ್ಲಿ ಮುಗಿಸಿದ್ರು. ಮೇಲ್ಮನವಿಯಲ್ಲಿ ಎತ್ತಿಲ್ಲ, ಅವಕಾಶ ಕೊಟ್ಟ ಮೇಲೂ ಸೇರಿಸಿಲ್ಲ, ಆದ್ದರಿಂದ ಪರಿಗಣಿಸಿಲ್ಲ."

"ಹೂಂ."

"ಹೂಂ ಅಂದ್ರೆ? ಮೂರು ವಾರ ಟೈಮಿತ್ತಲ್ಲ ಆದ್ರಮ್ಮ. ಯಾಕೆ ಅರ್ಜಿ ಹಾಕ್ಲಿಲ್ಲ? ಆವತ್ತು ಪೀಠದ ಮುಂದೆ ನಾನು ಆಕ್ಷೇಪಣೆ ಮಾಡಿದೆ, ಅದು ನನ್ನ ಕೆಲಸ. ಬರವಣಿಗೆಯಲ್ಲಿ ಬಂದಿದ್ರೆ ಅಭ್ಯಂತರ ಇಲ್ಲ ಅಂತ ಬರೆದುಕೊಡೋನಿದ್ದೆ. ದಿನಾ ನನ್ನ ಗುಮಾಸ್ತನ್ನ ಕೇಳ್ತಿದ್ದೆ, ಬಂತೇನೋ, ಬಂತೇನೋ ಅಂತ."

ಅವಳು ಕುರ್ಚಿಯ ಸವೆದ ತೋಳಿನ ಮೇಲೆ ಬೆರಳಾಡಿಸಿದಳು.

"ಮೇಲೆ ಇನ್ನೊಂದು ಕೋರ್ಟಿದೆ," ಎಂದ, ದನಿ ಇಳಿಸಿ.

"ಅವಕಾಶ ಕೊಟ್ಟಾಗ ಎತ್ತದ ಕಾರಣಾನ ಅಲ್ಲಿ ಎತ್ತೋಕೆ ಬಿಡ್ತಾರಾ ಅಣ್ಣ?"

ಆ ಪಾಠವನ್ನು ಇಬ್ಬರೂ ಒಂದೇ ಕೋಣೆಯಲ್ಲಿ ಕಲಿತಿದ್ದರು.

*

ಬಟ್ಟೆ ಕಾರ್ಖಾನೆಯೊಂದರ ಲಿಫ್ಟಿನ ಹಗ್ಗ ಹರಿದು ಇಬ್ಬರು ಸತ್ತಿದ್ದರು. ಹಗ್ಗ ಸವೆದಿದೆ, ಜನರನ್ನು ಹತ್ತಿಸಬೇಡ ಎಂದು ಲಿಫ್ಟಿನವನಿಗೆ ಮೊದಲೇ ನೋಟಿಸು ಕೊಟ್ಟಿದ್ದೆವು ಎಂದು ಕಾರ್ಖಾನೆಯವರು ಒಂದು ಕಾಗದ ತೋರಿಸಿದರು. ಆ ಕಾಗದದ ಮೇಲೆಯೇ ಶಿಕ್ಷೆಯಾಯಿತು.

ಮೇಲ್ಮನವಿಯ ಕರಡಿನಲ್ಲಿ ಆ ಶಿಕ್ಷೆ ಯಾಕೆ ತಪ್ಪು ಎಂಬುದಕ್ಕೆ ವಕೀಲೆ ನಾಲ್ಕು ಕಾರಣ ಬರೆದಿದ್ದಳು. ನಾಲ್ಕನೆಯದು ತೀರ ಸರಳವಾಗಿತ್ತು. ವಿಚಾರಣೆ ನಡೆದ ಎರಡು ವರ್ಷದಲ್ಲಿ ಆ ನೋಟಿಸನ್ನು ಯಾರೂ ಲಿಫ್ಟಿನವನಿಗೆ ತೋರಿಸಿ, ಇದು ನಿನಗೆ ಸಿಕ್ಕಿತ್ತೇನಪ್ಪ ಎಂದು ಕೇಳಿರಲಿಲ್ಲ. ಹಾಗೆ ಕೇಳದ ಕಾಗದದ ಮೇಲೆ ಶಿಕ್ಷೆ ಕೊಡುವಂತಿಲ್ಲ.

ಮೇಷ್ಟ್ರಿಗೆ ಆಗಲೇ ಮೈ ಸರಿಯಿರಲಿಲ್ಲ. ಕುರ್ಚಿಯಲ್ಲಿ ದಿಂಬು ಇಟ್ಟುಕೊಂಡು ಕೂತಿದ್ದರು. ಅವಳು ಓದಿ ಮುಗಿಸುತ್ತಲೇ ಕೆಂಪು ಪೆನ್ಸಿಲಿನಿಂದ ನಾಲ್ಕನೆಯದನ್ನು ಹೊಡೆದುಹಾಕಿದರು.

"ಮೂರು ಸಾಕು. ನಾಲ್ಕನೇದು ಬರೆದ್ರೆ ಮೊದಲ ಮೂರರ ಮೇಲೆ ನಿನಗೇ ನಂಬಿಕೆ ಇಲ್ಲ ಅಂತ ಪೀಠ ತಿಳ್ಕೊಳ್ಳುತ್ತೆ."

"ಆದ್ರೆ ಸರ್..."

"ಆದ್ರಮ್ಮ, ನಾನು ಹೇಳಿದ್ದು ಯಾವತ್ತಾದ್ರೂ ತಪ್ಪಿದ್ಯಾ?"

ತಪ್ಪಿರಲಿಲ್ಲ. ಟೈಪಿಸ್ಟು ಮೂರು ಕಾರಣಗಳನ್ನು ಟೈಪು ಮಾಡಿದ. ಕೆಳಗೆ ಇಬ್ಬರ ಸಹಿ ಬಿತ್ತು.

ವಾದದ ದಿನ ಪೀಠದ ಕಿರಿಯ ನ್ಯಾಯಾಧೀಶರು ಕಡತದಿಂದ ತಲೆಯೆತ್ತಿ ಕೇಳಿದ ಮೊದಲ ಪ್ರಶ್ನೆಯೇ ಅದು. "ಈ ನೋಟಿಸನ್ನು ಆತನಿಗೆ ತೋರಿಸಿ ಕೇಳಿದ್ದರಾ? ನಿಮ್ಮ ಮನವಿಯಲ್ಲಿ ಇದು ಎಲ್ಲಿದೆ?" ಅವಳು ಪುಟ ತಿರುಗಿಸಿದಳು, ಅಲ್ಲಿ ಇಲ್ಲವೆಂದು ಗೊತ್ತಿದ್ದೂ. ನ್ಯಾಯಾಧೀಶರು ಒಳ್ಳೆಯವರು. "ಈ ಕಾರಣವನ್ನು ಯಾರು ಬಿಟ್ಟರು, ಯಾಕೆ ಬಿಟ್ಟರು ಅಂತ ಪ್ರಮಾಣಪತ್ರ ಬರೆದು ಅರ್ಜಿ ಹಾಕಿ. ತೀರ್ಪಿಗೆ ಮುಂಚೆ ಬಂದರೆ ನೋಡುತ್ತೇವೆ," ಎಂದರು.

ಸಂಜೆ ಆಸ್ಪತ್ರೆಗೆ ಹೋದಳು. ಮೇಷ್ಟ್ರ ಮೂಗಿನಲ್ಲಿ ನಳಿಕೆ ಇತ್ತು. ಅವಳನ್ನು ನೋಡುತ್ತಲೇ ಕೇಳಿದರು, "ನೋಟಿಸಿನ ವಿಷಯ ಕೇಳಿದ್ರಾ?"

ಅಂದರೆ ಅವರೂ ಮಲಗಿದಲ್ಲೇ ಅದನ್ನು ಯೋಚಿಸುತ್ತಿದ್ದರು.

"ಇಲ್ಲ ಸರ್."

"ಇಲ್ವಾ?"

"ಇಲ್ಲ."

ಅವರು ಅವಳನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು.

ಮನೆಗೆ ಬಂದು ಪ್ರಮಾಣಪತ್ರ ಬರೆಯಲು ಕೂತಳು. ಯಾರು ಬಿಟ್ಟರು ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಇಪ್ಪತ್ತೆಂಟು ವರ್ಷ ಕಲಿಸಿದವರ ಹೆಸರನ್ನು, ಅವರು ಉಸಿರಿಗೆ ಒದ್ದಾಡುತ್ತಿರುವಾಗ, ಕೋರ್ಟಿನ ದಾಖಲೆಯಲ್ಲಿ ತಪ್ಪಿತಸ್ಥರೆಂದು ಬರೆಯುವುದು ಹೇಗೆ? ಅರ್ಜಿ ಹಾಕಿದ ದಿನವೇ ಶಿಷ್ಯರಲ್ಲಿ ಯಾರಾದರೂ ಹೋಗಿ ಅವರಿಗೆ ಹೇಳುತ್ತಾರೆ. ನಾನೇ ಮರೆತೆ ಎಂದು ಬರೆಯೋಣವೆಂದರೆ ಅದು ಪ್ರಮಾಣ ಮಾಡಿ ಹೇಳುವ ಸುಳ್ಳು. ನಾಳೆ ನೋಡೋಣ ಎಂದುಕೊಂಡಳು. ಮರುದಿನವೂ ಅದನ್ನೇ ಅಂದುಕೊಂಡಳು. ತಾನು ಯಾವುದಕ್ಕಾಗಿ ಕಾಯುತ್ತಿದ್ದೇನೆ ಎಂಬುದನ್ನು ಅವಳು ಮನಸ್ಸಿನಲ್ಲೂ ವಾಕ್ಯ ಮಾಡಲಿಲ್ಲ. ಕಾಯುತ್ತಿದ್ದುದು ನೆನ್ನೆ ಸಂಜೆ ಆಯಿತು. ಆಗಲೇ ಕೋರ್ಟಿನ ಇವತ್ತಿನ ಪಟ್ಟಿಯಲ್ಲಿ ತೀರ್ಪು ಬಂದುಬಿಟ್ಟಿತ್ತು.

*

"ಆದ್ರಮ್ಮ, ಇಲ್ಲಿ ಬಾ ಮಗಳೇ," ಎಂದು ಮೇಷ್ಟ್ರ ಹೆಂಡತಿ ಒಳಗಿನಿಂದ ಕರೆದರು.

ಮಂಚದ ಮೇಲೆ ಆಸ್ಪತ್ರೆಯ ಬ್ಯಾಗು ಬಾಯಿ ತೆರೆದು ಬಿದ್ದಿತ್ತು. ಟವೆಲು, ಬಾಚಣಿಗೆ, ಅರ್ಧ ಮುಗಿದ ಮಾತ್ರೆಗಳು.

"ಅವರ ಕನ್ನಡಕ ಹುಡುಕ್ತಿದ್ದೆ. ಕನ್ನಡಕ ಇಲ್ಲದ ಮುಖ ಯಾರದೋ ಅನ್ನಿಸ್ತಿದೆ, ಹಾಕಿ ಕಳಿಸೋಣ ಅಂತ. ಆಗ ಇದು ಸಿಕ್ತು." ಅವರು ಮಡಿಚಿದ ಕಾಗದವೊಂದನ್ನು ಕೊಟ್ಟರು. "ನೀನು ಬಂದು ಹೋದೆಯಲ್ಲ, ಅದರ ಮಾರನೇ ದಿನ ನರ್ಸ್ ಹತ್ರ ಪೆನ್ನು ಇಸ್ಕೊಂಡು ಬರೆದ್ರು. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಬರೆದ್ರು. ಆದ್ರಮ್ಮಂಗೆ ಕೊಡು ಅಂದ್ರು. ಆ ಸಂಜೇನೇ ಜಾಸ್ತಿ ಆಯ್ತು ನೋಡು, ಐಸಿಯು, ಅದು ಇದು... ಬ್ಯಾಗಲ್ಲೇ ಉಳ್ಕೊಂಡುಬಿಟ್ಟಿದೆ. ನನಗೆ ನೆನಪೇ ಇಲ್ಲ."

ವಕೀಲೆ ಬಿಡಿಸಿದಳು. ಅಕ್ಷರಗಳು ಇಳಿಜಾರಿನಲ್ಲಿ ಉರುಳಿದಂತೆ ಕೆಳಕ್ಕೆ ಓಡಿದ್ದವು. ಪ್ರಮಾಣಪತ್ರ. ಮೊದಲ ವಾಕ್ಯ ಹೀಗಿತ್ತು: ನಾಲ್ಕನೆಯ ಕಾರಣವನ್ನು ಹೊಡೆದುಹಾಕಿದ್ದು ನಾನು, ಅದು ನನ್ನ ತಪ್ಪು, ಕಕ್ಷಿದಾರನದಲ್ಲ, ನನ್ನ ಶಿಷ್ಯೆಯದೂ ಅಲ್ಲ.

ಅವಳು ಅದನ್ನು ತುಟಿಯಲ್ಲೇ ಓದಿದಳು. ಒಂದೇ ಉಸಿರಿಗೆ ಮುಗಿಯಿತು.

ಕೆಳಗೆ ಸಹಿ, ತಾರೀಕು. ಹತ್ತೊಂಬತ್ತು ದಿನದ ಹಿಂದಿನ ತಾರೀಕು.

"ಏನದು? ಅವಸರದ್ದೇನೂ ಇರಲಿಲ್ವಲ್ಲ?" ಎಂದು ಕೇಳಿದರು ಮೇಷ್ಟ್ರ ಹೆಂಡತಿ. ರಾತ್ರಿಯೆಲ್ಲ ಅತ್ತ ಮುಖ ಊದಿಕೊಂಡಿತ್ತು.

ಬಾಗಿಲಲ್ಲಿ ನಿಂತಿದ್ದ ಗಂಟಲು ಕಾಗದದ ಮೇಲಿನ ಅಕ್ಷರ ಗುರುತಿಸಿದ.

"ಇಲ್ಲಮ್ಮ," ಎಂದಳು ವಕೀಲೆ. "ಅವಸರ ಏನಿರಲಿಲ್ಲ. ಪಾಠದ್ದು."

"ಸದ್ಯ. ನೋಡು, ಕೊನೇವರೆಗೂ ನಿಮ್ಮ ಪಾಠವೇ ಅವರಿಗೆ."

ಕನ್ನಡಕ ದಿಂಬಿನ ಚೀಲದೊಳಗೆ ಸಿಕ್ಕಿತು. ಎರಡು ಗಂಟೆಗೆ ವ್ಯಾನು ಬಂತು. ಗಂಟಲು, ಟೈಪಿಸ್ಟು, ಇನ್ನಿಬ್ಬರು ಶಿಷ್ಯರು ಎತ್ತಿದರು. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಕರಡು ಕೇಳುವಾಗ ಮುಚ್ಚುತ್ತಿದ್ದಂತೆಯೇ ಕಣ್ಣು ಮುಚ್ಚಿಕೊಂಡು, ಬಾಗಿಲು ದಾಟಿದರು.

"ನೀನೂ ಹತ್ತು," ಎಂದ ಗಂಟಲು.

"ನೀವು ಹೊರಡಿ, ಹಿಂದೇನೇ ಬರ್ತೀನಿ," ಎಂದಳು. ಹಿತ್ತಿಲಲ್ಲಿ ಲಿಫ್ಟಿನವನ ಅಕ್ಕ ಕಾದಿರುವುದನ್ನು ಅವಳು ಆಗಲೇ ನೋಡಿದ್ದಳು.

ಅಕ್ಕ ಹೊಲಿಗೆಯವಳು. ಸೆರಗಿಗೆ ಬಣ್ಣಬಣ್ಣದ ದಾರದ ತುಂಡುಗಳು ಅಂಟಿಕೊಂಡಿದ್ದವು. ಖಾಲಿಯಿದ್ದ ಕುರ್ಚಿ ಅದೊಂದೇ ಆದ್ದರಿಂದ ಅದರಲ್ಲಿ, ತುದಿಯಲ್ಲಿ, ಕೂತಿದ್ದಳು. ಕೂರಲು ಅಡ್ಡವಾಗಿದ್ದ ಟೈಮರು ಅವಳ ಮಡಿಲಲ್ಲಿತ್ತು.

"ಅರ್ಧ ಹೊಲಿದದ್ದು ಮಿಷನ್ನಲ್ಲೇ ಬಿಟ್ಟು ಬಂದೆ ಮೇಡಂ," ಎಂದಳು. "ದೊಡ್ಡವರು ನನ್ನನ್ನ ಕೂರಿಸ್ಕೊಂಡು ಮನವಿ ಪೂರ್ತಿ ಓದಿ ಹೇಳಿದ್ರು, ಗೊತ್ತಾ? ನಿನ್ನ ತಮ್ಮನ ವಿಷಯ ನಿನಗೆ ಅರ್ಥ ಆಗ್ದೆ ಇದ್ರೆ ಜಡ್ಜಿಗೆ ಏನು ಅರ್ಥ ಆಗುತ್ತಮ್ಮ ಅಂದ್ರು. ಅಂಥವರು ಬರೆದ ಮೇಲೆ ಇನ್ನೇನು ಅಂತ ನನಗೂ ಧೈರ್ಯ. ಆದ್ರೂ ಬೆಳಗ್ಗೆ ಕೋರ್ಟಿಗೆ ಹೋಗೋಕೆ ಕಾಲೇ ಬರಲಿಲ್ಲ. ಇಲ್ಲಿಗೆ ಬಂದ್ರೆ ನೀವು ಸಿಗ್ತೀರಲ್ಲ ಅಂತ."

ಹೊರಗೆ ವ್ಯಾನು ಹೊರಟ ಸದ್ದು ಕೇಳಿಸಿತು. ತಿರುವಿನವರೆಗೂ ಕೇಳಿಸಿ ನಿಂತಿತು.

ವಕೀಲೆ ಹತ್ತಿರ ಹೋಗಬೇಕೆಂದುಕೊಂಡಳು, ಪಕ್ಕದಲ್ಲಿ ಕೂತು ಕೈ ಹಿಡಿಯಬೇಕೆಂದುಕೊಂಡಳು. ಕಾಲು ಮೂರು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಿತು. ಕೈಗಳು ತಾವಾಗಿಯೇ ಇಳಿಬಿದ್ದವು. ಎಡಗೈಯಲ್ಲಿ ಮಡಿಚಿದ ಕಾಗದವಿತ್ತು.

ಅಕ್ಕನಿಗೆ ಗಾಬರಿಯಾದಾಗ ಬೆರಳಿಗೆ ಏನಾದರೂ ಬೇಕು. ಮಡಿಲಲ್ಲಿದ್ದ ಟೈಮರಿನ ಕಿವಿಯನ್ನು, ಅದು ಏನೆಂದು ತಿಳಿಯದೆಯೇ, ದಾರದ ಉಂಡೆಯಂತೆ ತಿರುಗಿಸುತ್ತಿದ್ದಳು. ತಲೆಯೆತ್ತಿ ವಕೀಲೆಯನ್ನು ನೋಡಿದಳು.

"ಹೇಳಿ," ಎಂದಳು.

ಅವಳ ಬೆರಳು ಸಡಿಲವಾಯಿತು. ಟೈಮರು ಟಿಕ್ ಟಿಕ್ ಎಂದು ಓಡತೊಡಗಿತು. ಬೆಚ್ಚಿಬಿದ್ದ ಅಕ್ಕ ಅದನ್ನು ಎರಡೂ ಅಂಗೈಯಿಂದ ಮುಚ್ಚಿ ಹಿಡಿದಳು. ಅದು ನಿಲ್ಲಲಿಲ್ಲ.

ವಕೀಲೆ ಉಸಿರೆಳೆದುಕೊಂಡಳು.