ಮಗಳ ಮೂಗು

“ಸರಿಯಾಗಿದೆ,” ಅಂದುಬಿಟ್ಟಳು.

ಅಪ್ಪ ಅತ್ತರಿನಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಅವಳ ಮೂಗಿನ ಹತ್ತಿರದಿಂದ ಇನ್ನೂ ತೆಗೆದಿರಲಿಲ್ಲ. ಅದರ ತುದಿ ಒದ್ದೆಯಾಗಿತ್ತು. ಅವಳಿಗೆ ಗೊತ್ತಾದದ್ದು ಅಷ್ಟೇ.

“ಮಲ್ಲಿಗೆ ಸ್ವಲ್ಪ ಜಾಸ್ತಿ ಆಯ್ತೇನೋ ಅಂತ ನಂಗೆ,” ಅಂದ ಅಪ್ಪ.

ಅಪ್ಪನ ಹುಬ್ಬು ಮೇಲೇರಿತ್ತು. ಈಚೆಗೆ ಅವಳು ಶ್ರದ್ಧೆಯಿಂದ ಓದುತ್ತಿದ್ದುದು ಆ ಹುಬ್ಬನ್ನು ಮಾತ್ರ. “ಹೌದು, ಒಂದು ಹನಿ ಜಾಸ್ತಿ,” ಅಂದಳು.

“ನೋಡಿದ್ಯಾ!” ಅಪ್ಪ ತೊಡೆ ತಟ್ಟಿಕೊಂಡ.

ಅವರದು ಚಿಕ್ಕ ಅತ್ತರಿನ ಅಂಗಡಿ. ಎಂಟು ವರ್ಷದವಳಿದ್ದಾಗ ಬಾಗಿಲಲ್ಲಿ ನಿಂತೇ, ಆ ಮೂಲೆಯ ಬಾಟಲಿ ಕೆಟ್ಟಿದೆ ಎಂದಿದ್ದಳು. ನಿಜಕ್ಕೂ ಕೆಟ್ಟಿತ್ತು. ಅಂದಿನಿಂದ ಅವಳನ್ನು ಕೇಳದೆ ಅಪ್ಪ ಏನನ್ನೂ ಬೆರೆಸಿದವನಲ್ಲ. ಸೋದರಮಾವ ಅವಳಿಗೆ ‘ಮೂಗಿ’ ಎಂದು ಹೆಸರಿಟ್ಟ. ಹೊಸಬರು, ಪಾಪ, ಮಾತು ಬಾರದ ಹುಡುಗಿಯೇನೋ ಎಂದು ಕನಿಕರದಿಂದ ನೋಡಿದರೆ ಮನೆಯವರಿಗೆಲ್ಲ ನಗು. ಈಗ ಅವಳಿಗೆ ಹದಿನೇಳು. ಅಪ್ಪನ ಮೂಗು ವಯಸ್ಸಾಗಿ ಮೊಂಡಾಗಿತ್ತು. ಅಂಗಡಿ ನಡೆಯುತ್ತಿದ್ದುದು ಇವಳ ಮೂಗಿನ ಮೇಲೆ.

ಆ ಮೂಗು ಎರಡು ತಿಂಗಳ ಹಿಂದೆ ಬಂದ ಜ್ವರದಲ್ಲಿ ಹೋಗಿತ್ತು. ಜ್ವರ ಬಿಟ್ಟಿತು, ಮೂಗು ಮರಳಲಿಲ್ಲ. ಕಾಲೇಜಿನ ಹತ್ತಿರದ ಡಾಕ್ಟರ ಬಳಿಗೆ ಒಬ್ಬಳೇ ಹೋಗಿದ್ದಳು. ನರದ ತೊಂದರೆ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅರ್ಧ ಅಂಕ ಸಿಗುತ್ತದೆ ಎಂದುಕೊಂಡು ಮೆಟ್ಟಿಲಿಳಿದಿದ್ದಳು.

“ಸಾಬೂನಿನ ಕಾರ್ಖಾನೆಯವರಿಗೆ ಹೇಳಿಬಿಟ್ಟಿದ್ದೀನಿ,” ಅಂದ ಅಪ್ಪ, ಸರಿಪಡಿಸಿದ ಬಾಟಲಿಯ ಬಿರಡೆಗೆ ಮೇಣ ಬಳಿಯುತ್ತ. “ನಮ್ಮ ಹುಡುಗಿ ಹೂಂ ಅಂದ್ಮೇಲೆ ಮುಗೀತು, ಕಣ್ಣು ಮುಚ್ಚಿ ತಗೊಳ್ಳಿ ಅಂತ.”

ಏನೋ ಗುನುಗತೊಡಗಿದ. ಹಿಂದಿನಿಂದ ನೋಡಿದರೆ ಅಪ್ಪನ ಬೆನ್ನು ಚಿಕ್ಕ ಹುಡುಗನ ಬೆನ್ನಿನ ಹಾಗೆ ಕಂಡಿತು. ನೋಡಲಾಗದೆ ಮನೆಗೆ ಬಂದುಬಿಟ್ಟಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಹೇಳಿದಳು.

“ನಂಗೆ ವಾಸನೆ ಗೊತ್ತಾಗ್ತಿಲ್ಲ.”

“ನೆಗಡಿ ಇರ್ಬೇಕು,” ಅಂದಳು ಅಮ್ಮ, ಬಡಿಸುತ್ತಲೇ.

“ಜ್ವರ ಬಂದಾಗಿನಿಂದ ಅಮ್ಮ. ಒಂದಿಷ್ಟೂ ಇಲ್ಲ.”

“ಒಳ್ಳೇದೇ ಆಯ್ತು ಬಿಡು, ನಿಮ್ಮಮ್ಮನ ಅಡುಗೆಗೆ...” ಎಂದು ಶುರುಮಾಡಿದ ಮಾವ, ಯಾರೂ ನಗದಿದ್ದುದರಿಂದ ಲೋಟ ಎತ್ತಿ ನೀರು ಕುಡಿದ.

ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. “ಬೆಳಿಗ್ಗೆ ಒಂದು ಹನಿ ಜಾಸ್ತಿ ಅಂದ್ಯಲ್ಲ?”

“ನಿನ್ನ ಮುಖ ನೋಡಿ ಅಂದೆ.”

“ಹೋದ ತಿಂಗಳ ಗುಲಾಬಿ?”

“ಅದೂ ಅಷ್ಟೆ.”

“ಅದನ್ನ ಎಲ್ರೂ ಹೊಗಳಿದ್ರು.”

“ಹಾಗಾದ್ರೆ ಅದು ನಿನ್ನ ಮೂಗು ಅಪ್ಪ. ನಂದಲ್ಲ.”

ಸಮಾಧಾನಕ್ಕೆಂದು ಆಡಿದ ಮಾತು. ಅಪ್ಪನ ಮುಖ ಮಾತ್ರ ಕೆನ್ನೆಗೆ ಹೊಡೆಸಿಕೊಂಡವನ ಮುಖದಂತಾಯಿತು. ಅರ್ಧ ಊಟದಲ್ಲೇ ಎದ್ದು ಕೈ ತೊಳೆದು ಹೊರಟುಹೋದ. ಮಾವನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೋದ.

ನಿಜ ಹೇಳಿದರೆ ಎದೆ ಹಗುರವಾಗುತ್ತದೆ ಎಂದು ಎಲ್ಲೋ ಓದಿದ್ದಳು. ಎದೆ ಇದ್ದ ಹಾಗೇ ಇತ್ತು. ಭಾರ ಇನ್ನೂ ಮೂವರಿಗೆ ಹಂಚಿಹೋಗಿತ್ತು, ಅಷ್ಟೆ. ಇವಳ ಪಾಲು ಕಡಿಮೆಯಾಗಿರಲಿಲ್ಲ.

ಅಮ್ಮ ಕೈ ಒರೆಸಿಕೊಂಡು ಬಂದು, ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

“ಚಿಕ್ಕವಳಿದ್ದಾಗ ಕತ್ತಲಲ್ಲೂ ನನ್ನ ಸೆರಗು ಮೂಸಿ, ಇದು ಅಮ್ಮಂದು ಅಂತಿದ್ದೆ.”

ಅಮ್ಮ ಈಗಲೂ ಹಾಗೆ ಅಂದಾಳೇನೋ ಎಂದು ಕಾದಳು. ಒಂದು ಹೂಂ ಅಂದರೆ ಸಾಕಿತ್ತು. ಬೆಳಿಗ್ಗೆ ಅದೆಷ್ಟು ಸಲೀಸಾಗಿ ಬಂದಿತ್ತು ಆ ಸುಳ್ಳು!

“ಬಟ್ಟೆ ಮೆತ್ತಗಿದೆ ಅಮ್ಮ,” ಅಂದಳು.

ಅಮ್ಮನ ಕೈ ಸಡಿಲವಾಯಿತು. ಆದರೂ ಅವಳು ಕೈ ತೆಗೆಯಲಿಲ್ಲ. ಇಬ್ಬರೂ ಹಾಗೇ, ಬಸ್ಸಿನಲ್ಲಿ ಅಕ್ಕಪಕ್ಕ ಸಿಕ್ಕಿಬಿದ್ದ ಅಪರಿಚಿತರ ಹಾಗೆ, ಅಂಟಿಕೊಂಡಿದ್ದರು.

ಮಾವ ಓಡುತ್ತ ಮರಳಿ ಬಂದ. “ಭಾವ ಕರೀತಿದಾರೆ. ಬೇಗ ಬಾ.” ಮೂಗಿ ಅನ್ನಲಿಲ್ಲ.

ಅಂಗಡಿಯಲ್ಲಿದ್ದ ಬಾಟಲಿಗಳೆಲ್ಲ ಬಾಯಿ ತೆರೆದುಕೊಂಡಿದ್ದವು. ಕಪಾಟಿನಲ್ಲಿ, ಮೇಜಿನ ಮೇಲೆ, ನೆಲದ ಮೇಲೆ. ಬೆಳಿಗ್ಗೆ ಮೇಣ ಬಳಿದಿದ್ದನ್ನೂ ಒಡೆದು ತೆಗೆದಿದ್ದ. ಅಪ್ಪನ ಕಣ್ಣುಗಳಿಂದ ನೀರು ಸುರಿಯುತ್ತಿತ್ತು, ಘಾಟಿಗೋ ಏನೋ.

“ಬಾ, ಇಲ್ಲಿ ನಡುವೆ ನಿಂತ್ಕೋ. ಬಾಯಿ ಮುಚ್ಚು. ಜೋರಾಗಿ ಎಳ್ಕೋ.”

ಎಳೆದುಕೊಂಡಳು. ತಣ್ಣನೆಯ ಗಾಳಿ ಒಳಗೆ ಹೋಯಿತು. ಹೊರಗೆ ಬಂತು.

“ಏನಾದ್ರೂ?”

“ಇಲ್ಲ ಅಪ್ಪ.”

“ಇನ್ನೊಂದ್ಸಲ.”

ಬಾಗಿಲ ಬಳಿ ನಿಂತಿದ್ದ ಮಾವ ಕೆಮ್ಮುತ್ತ ಬೀದಿಗಿಳಿದ. ಅಲ್ಲಿ ಹೋಗುತ್ತಿದ್ದವರೊಬ್ಬರು ಕರವಸ್ತ್ರ ತೆಗೆದು ರಸ್ತೆಯ ಆ ಬದಿಗೆ ದಾಟಿದರು. ಒಬ್ಬ ಹೆಂಗಸು ಕಂಕುಳಿನ ಮಗುವಿನ ಮುಖವನ್ನು ತನ್ನ ಹೆಗಲಲ್ಲಿ ಹುದುಗಿಸಿಕೊಂಡಳು.

“ಇನ್ನೊಂದ್ಸಲ,” ಅಂದ ಅಪ್ಪ.

ಅವಳು ಎದೆ ಬಿರಿಯುವಷ್ಟು ಎಳೆದುಕೊಂಡಳು. ಅಂಗಡಿಯ ಕಿಟಕಿಯ ಗಾಜಿನಾಚೆ, ಮೂಗು ಮುಚ್ಚಿಕೊಂಡ ಮುಖಗಳು ಒಂದೊಂದಾಗಿ ದೂರ ಸರಿಯುತ್ತಿದ್ದವು.